ಧಾರವಾಡದ ಭಾನುವಾರದ ಕ್ಲಾಸು: ಸಣ್ಣ ಪಕ್ಷಕ್ಕೆ ಹಾಕಿದ ವೋಟು ಎಲ್ಲಿ ಹೋಗುತ್ತದೆ?

ಸಪ್ತಾಪುರದ ಒಂದು ಸಣ್ಣ ಕೋಚಿಂಗ್ ಸೆಂಟರ್‌ನವರು ಬೇರೆ ಬೇರೆ ದೇಶಗಳ ಪಕ್ಷಗಳ ಬಗ್ಗೆ ಆರು ಭಾನುವಾರದ ಕ್ಲಾಸು ಮಾಡಿದರು. ಫೀ 1,200 ರೂಪಾಯಿ. ಕೆಎಎಸ್ ಓದುವವರಿಗೆ ಅಂತಲೇ ಇಟ್ಟ ಕ್ಲಾಸು. ನಾನು ಯಾವ ಪರೀಕ್ಷೆಯನ್ನೂ ಬರೆಯುತ್ತಿಲ್ಲ, ಆದರೂ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಆರೂ ವಾರ ಹೋದೆ.

ಹೋಗಿದ್ದು ಅಪ್ಪನ ಸಲುವಾಗಿ. 1989ರಲ್ಲಿ ಧಾರವಾಡ ಗ್ರಾಮೀಣದಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ಗೆದ್ದರು. ಕಿತ್ತೂರಿನಲ್ಲೂ ಗೆದ್ದಿದ್ದರಿಂದ ಧಾರವಾಡ ಬಿಟ್ಟರು, ಉಪಚುನಾವಣೆಯಲ್ಲಿ ಅದೇ ಸಂಘದ ಪ್ರೊ. ನಂಜುಂಡಸ್ವಾಮಿ ಆರಿಸಿ ಬಂದರು. ಎರಡೂ ಸಲ ಅಪ್ಪ ಅವರಿಗೇ ಹಾಕಿದ್ದು. ಆಮೇಲೂ ಹಸಿರು ಶಾಲು ಕಂಡಲ್ಲೆಲ್ಲ ಹಾಕುತ್ತಾ ಬಂದರು, ಸೋಲು ನೋಡುತ್ತಾ ಬಂದರು. "ನೀರಾಗ ಹೋಮ ಮಾಡಿದಂಗಾತು ನೋಡಣ್ಣಾ ನಿನ್ನ ವೋಟು" ಅಂತ ಕಾಕಾ ಪ್ರತಿ ಸಲ ಅನ್ನೋದು. ಅದು ನಿಜವಾ ಅಂತ ನನಗೆ ತಿಳಿಯಬೇಕಿತ್ತು.

ಎರಡನೇ ಭಾನುವಾರ ಅದಕ್ಕೆ ಉತ್ತರ ಸಿಕ್ಕಿತು, ಅದೂ ತಿಂಡಿಯ ಲೆಕ್ಕದಲ್ಲಿ. ಸರ್ ಎಲ್ಲರ ಕೈಗೆ ಚೀಟಿ ಕೊಟ್ಟು, ಗಿರ್ಮಿಟ್, ಮಿರ್ಚಿ, ಅವಲಕ್ಕಿ ಮೂರನ್ನೂ ಇಷ್ಟದ ಪ್ರಕಾರ 1, 2, 3 ಅಂತ ಬರೆಯಿರಿ ಅಂದರು. ನಾವಿದ್ದದ್ದು 36 ಜನ. ಮೊದಲ ಆಯ್ಕೆ ಎಣಿಸಿದರೆ ಗಿರ್ಮಿಟ್‌ಗೆ 15, ಮಿರ್ಚಿಗೆ 13, ಅವಲಕ್ಕಿಗೆ 8. ಎಲ್ಲರಿಗಿಂತ ಹೆಚ್ಚು ವೋಟು ಬಂದವರೇ ಗೆಲ್ಲುವ ನಮ್ಮ ದೇಶದ ಲೆಕ್ಕದಲ್ಲಿ ಗಿರ್ಮಿಟ್ ಗೆದ್ದಾಯಿತು, ಅವಲಕ್ಕಿಯವರ ವೋಟು ಹೋಯಿತು. ಆಮೇಲೆ ಅದೇ ಚೀಟಿಗಳನ್ನು ಆಸ್ಟ್ರೇಲಿಯಾದ ರೀತಿ ಎಣಿಸಿದರು. ಕಡೆಯಲ್ಲಿದ್ದ ಅವಲಕ್ಕಿಯನ್ನು ತೆಗೆದು ಅದರ ಚೀಟಿಗಳ ಎರಡನೇ ಆಯ್ಕೆ ನೋಡಿದರೆ ಆರು ಮಿರ್ಚಿಗೆ, ಎರಡು ಗಿರ್ಮಿಟ್‌ಗೆ. ಮಿರ್ಚಿ 19, ಗಿರ್ಮಿಟ್ 17! ಒಬ್ಬರೂ ಮನಸ್ಸು ಬದಲಿಸಿಲ್ಲ, ಒಂದು ಚೀಟಿಯೂ ಬದಲಾಗಿಲ್ಲ, ಎಣಿಸುವ ರೀತಿ ಬದಲಾಗಿದ್ದಕ್ಕೆ ಗೆದ್ದವರೇ ಬದಲಾದರು. ಆ ಎಂಟು ಜನರಲ್ಲಿ ನಾನೂ ಒಬ್ಬ. ನನಗೆ ಅಪ್ಪನ ನೆನಪಾಯಿತು.

ಮೂರನೇ ವಾರ ಬ್ರಿಟನ್ನಿನದು. 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ಶೇ 14ರಷ್ಟು ವೋಟು, ಸೀಟು ಬರೀ 5. ಲಿಬರಲ್ ಡೆಮಾಕ್ರಾಟ್‌ಗಳಿಗೆ ಶೇ 12, ಆದರೆ ಸೀಟು 72. ಕೆಲವು ಕಡೆ ಗಟ್ಟಿಯಾಗಿ ನಿಂತವರು ಗೆದ್ದರು, ದೇಶದ ತುಂಬ ಹರಡಿಕೊಂಡವರು ಸೋತರು. ನ್ಯೂಜಿಲೆಂಡ್ ಕತೆ ಇನ್ನೂ ಚೆನ್ನಾಗಿತ್ತು. ಅಲ್ಲಿ 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಶೇ 20ಕ್ಕಿಂತ ಜಾಸ್ತಿ ವೋಟು ಬಿದ್ದರೂ ಒಟ್ಟು 92 ಸೀಟುಗಳಲ್ಲಿ ಸಿಕ್ಕಿದ್ದು ಎರಡೇ. ಇಂಥದ್ದನ್ನು ನೋಡಿ ನೋಡಿ ಬೇಸತ್ತ ಜನ 1993ರಲ್ಲಿ ತಾವೇ ಮತ ಹಾಕಿ ಪದ್ಧತಿಯನ್ನೇ ಬದಲಿಸಿದರು. 1996ರಿಂದ ಅಲ್ಲಿ ಒಬ್ಬೊಬ್ಬರಿಗೆ ಎರಡು ವೋಟು, ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಇದನ್ನು ಹೇಳುವಾಗ ಸರ್ ನೋಟ್ಸ್ ಕಡೆ ಒಮ್ಮೆಯೂ ನೋಡಲಿಲ್ಲ. ಪಾಠ ಮಾಡುವುದು ಅಂದರೆ ಅದು.

ಅಮೆರಿಕ, ಇಸ್ರೇಲ್ ಅರ್ಧರ್ಧ ಗಂಟೆಯಲ್ಲಿ ಮುಗಿದವು, ಹೆಚ್ಚೇನೂ ಉಳಿಯಲಿಲ್ಲ.

ನೋಟ್ಸ್ ಮಾತ್ರ ಹಳೇವು. ಜರ್ಮನಿ ಸಂಸತ್ತಿನಲ್ಲಿ 598 ಸೀಟು, ಮೇಲೆ ಹೆಚ್ಚುವರಿ ಸೀಟು ಅಂತ ಜೆರಾಕ್ಸ್‌ನಲ್ಲಿತ್ತು. 2023ರಲ್ಲೇ ಕಾನೂನು ತಿದ್ದಿ 630ಕ್ಕೆ ನಿಲ್ಲಿಸಿದ್ದಾರೆ. ಪರೀಕ್ಷೆ ಬರೆಯುವ ಹುಡುಗರಿಗೆ ಇದು ನಿಜವಾದ ನಷ್ಟ, ದಯವಿಟ್ಟು ಸರಿ ಮಾಡಿ. ಅಲ್ಲಿ ಶೇ 5 ವೋಟು ಬರದ ಪಕ್ಷಕ್ಕೆ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. 2025ರಲ್ಲಿ ಒಂದು ಹೊಸ ಪಕ್ಷ ಶೇ 4.98 ಪಡೆದು ಹೊರಗೇ ಉಳಿಯಿತು. ಡೇನಿಷ್ ಅಲ್ಪಸಂಖ್ಯಾತರ ಪಕ್ಷಕ್ಕೆ ಆ ಗೆರೆಯಿಂದ ವಿನಾಯಿತಿ, ಅವರದೊಂದು ಸೀಟು ಸಂಸತ್ತಿನಲ್ಲಿದೆ. ಇದ್ಯಾವುದೂ ನೋಟ್ಸ್‌ನಲ್ಲಿ ಇರಲಿಲ್ಲ, ಮನೆಗೆ ಬಂದು ನಾನೇ ಹುಡುಕಿ ಓದಿದ್ದು.

ನನ್ನ ದೊಡ್ಡ ತಕರಾರು ಬೇರೆ. ಧಾರವಾಡದಲ್ಲಿ ಕೂತು ಪಾಠ ಮಾಡುತ್ತಾ ಪಕ್ಕದ ಹಾವೇರಿಯ ಹೆಸರೇ ಎತ್ತಲಿಲ್ಲ! ಬಿಜೆಪಿ ಬಿಟ್ಟು ಬಂದ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಶುರುವಾಗಿದ್ದು 2012ರ ಡಿಸೆಂಬರ್‌ನಲ್ಲಿ ಹಾವೇರಿಯ ಸಮಾವೇಶದಲ್ಲಿ. 2013ರಲ್ಲಿ ಅದಕ್ಕೆ ಶೇ 10ರ ಹತ್ತಿರ ವೋಟು ಬಂದು ಸಿಕ್ಕಿದ್ದು 6 ಸೀಟು, ಆದರೆ 2008ರಲ್ಲಿ 110 ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. ರಿಫಾರ್ಮ್ ಪಕ್ಷದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? 2018ರಲ್ಲಿ ಅದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಿಂದ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆರ್. ಶಂಕರ್ ಒಬ್ಬರೇ ಗೆದ್ದು ಬಂದು, ಯಾರಿಗೂ ಬಹುಮತ ಇಲ್ಲದ ಆ ಸದನದಲ್ಲಿ ಮೈತ್ರಿ ಸರ್ಕಾರದ ಮಂತ್ರಿಯೂ ಆದರು. ಭಾರತಕ್ಕೆ ಅಂತ ಇಟ್ಟಿದ್ದು ಕಡೇ ಕ್ಲಾಸಿನ ಒಂದು ಗಂಟೆ ಮಾತ್ರ. ಅದರಲ್ಲೂ ಅರ್ಧ ಹೊತ್ತು ಪಕ್ಷಾಂತರ ನಿಷೇಧ ಕಾಯ್ದೆಗೇ ಹೋಯಿತು. ಎದ್ದು ಕೇಳಿದೆ. "ಮುಂದಿನ ಬ್ಯಾಚ್‌ಗೆ ಒಂದು ಪೂರ್ತಿ ಭಾನುವಾರ ಕರ್ನಾಟಕಕ್ಕೇ ಇಡೋಣ" ಅಂದರು. ಇಡಲಿ ಅಂತ ಆಸೆ ಇದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋಗುವವರು ಹದಿನೈದು ನಿಮಿಷ ಮುಂಚೆ ಹೋಗಿ, ಹಿಂದಿನ ಬೆಂಚಿಗೆ ಬೋರ್ಡ್ ಕಾಣುವುದಿಲ್ಲ.

ಊರಿಗೆ ಹೋದಾಗ ಗಿರ್ಮಿಟ್ ಲೆಕ್ಕವನ್ನು ಅಪ್ಪನ ಮುಂದೆ ಶೇಂಗಾ ಕಾಳು ಇಟ್ಟು ಮಾಡಿ ತೋರಿಸಿದೆ. ಅಪ್ಪ ಎರಡು ಸಲ ತಾವೇ ಎಣಿಸಿ ನೋಡಿದರು. ಆಮೇಲೆ ಕಾಕಾನನ್ನು ಕೂಗಿ ಕರೆದು ಎದುರಿಗೆ ಕೂರಿಸಿಕೊಂಡು ಮೂರನೇ ಸಲ ಎಣಿಸಿದರು.