ಸೂಪರ್ ಮಾರ್ಕೆಟ್ ಹತ್ರದ ಹಳೇ ಪುಸ್ತಕದ ಅಂಗಡಿ, 120 ರೂಪಾಯಿಗೆ ಸಿಕ್ಕ ಹೋಪಿ ಮಂದಿ ಚರಿತ್ರೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಗಲ್ಲಿಯೊಳಗ ಈ ಅಂಗಡಿ ಅದ, ಬೋರ್ಡ್ ಇಲ್ಲ. ಪರೀಕ್ಷಾದ ಗೈಡ್ ಹುಡುಕ್ಕೊಂತ ಹೋಗಿದ್ದೆ, ಚಾಚಾ "ಒಕ್ಕಲತನದ ಮನ್ಯಾಂವ ಇದ್ದಿ, ಮೊದ್ಲ ಇದು ನೋಡಪಾ" ಅಂತ ಒಂದು ಇಂಗ್ಲಿಷ್ ಪುಸ್ತಕ ಕೈಯಾಗ ಇಟ್ರು. ಅಮೆರಿಕದ ಅರಿಝೋನಾದಾಗಿರೋ ಮೂಲನಿವಾಸಿ ಹೋಪಿ ಮಂದಿ ಚರಿತ್ರೆ. ರಟ್ಟು ಕಿತ್ತದ, ಮೊದಲಿನ ಪುಟ ಇಲ್ಲ, ಖರೇ ಹೇಳ್ತೀನಿ, ಸ್ಟೂಲ್ ಮ್ಯಾಲ ಕುಂತು ಎರಡು ತಾಸು ಓದ್ದೆ, ಚಾಚಾ ಒಂದ್ ಮಾತೂ ಅನ್ಲಿಲ್ಲ.

ಅವರು ಬಿತ್ತೋದು ಓದ್ರಿ. ಮಳಿ ವರ್ಷಕ್ಕ 10 ಇಂಚು ಆಸುಪಾಸು, ಕಟ್ಟಿಗಿ ಮೊನಿಯಿಂದ ಉಸುಕಿನ ಹೊಲದಾಗ ಗೇಣುದ್ದ ತೆಗ್ಗು ತೋಡಿ, ಚಳಿಗಾಲದ ಹಿಮದ ಹಸಿ ಸಿಗೋತನ ಹೋಗಿ, ಒಂದೇ ತೆಗ್ಗಿಗೆ ಹತ್ತು-ಹನ್ನೆರಡು ಕಾಳು ಮೆಕ್ಕಿಜ್ವಾಳ ಹಾಕ್ತಾರ. ನಮ್ ಹಿಂಗಾರಿ ಜ್ವಾಳನೂ ಎರಿ ಹೊಲದ ಹಸಿ ನಂಬಿನೇ ಬರ್ತದಲ್ರಿ. ಅವರ ರೊಟ್ಟಿಗಿ ಪಿಕಿ ಅಂತಾರ, ನೀಲಿ ಮೆಕ್ಕಿಜ್ವಾಳದ ಹಿಟ್ಟಿಗಿ ಬೂದಿ ಕೂಡಿಸಿ ತೆಳ್ಳಗ ಕಲಸಿ, ಕಾದ ಕಲ್ಲಿನ ಮ್ಯಾಲ ಬರಿಗೈಲೇ ಸವರಿ, ಕಾಗದದಂಗ ಎಬ್ಬಿಸಿ ಸುರುಳಿ ಸುತ್ತತಾರ. ಅವ್ವಗ ಓದಿ ಹೇಳ್ದೆ, "ಕೈ ಸುಡಲ್ಲೇನು ಅವರಿಗಿ?" ಅಂತ ತನ್ನ ಬೆರಳು ನೋಡ್ಕೊಂಡ್ಲು.

ಹೋಪಿಗಳ ಒರೈಬಿ ಊರಾಗ ಸುಮಾರು 900 ವರ್ಷದಿಂದ ಮಂದಿ ಇದ್ದಾರ, ನಮ್ ಬಹಮನಿ ಕೋಟಿಗಿಂತ ಹಳೇದು. 1540ರಾಗ ಸ್ಪೇನ್ ದಂಡಿನ ನಾಯಕ ಕೊರೊನಾಡೊ ಕಳಿಸಿದ ಪೆದ್ರೊ ದೆ ತೊವಾರ್ ಕುದರಿ ಸವಾರರ ಸಂಗಟ ಹೋಪಿಗಳ ಕಡಿ ಬಂದ, ಹೋಪಿ ಮಂದಿ ನೆಲದ ಮ್ಯಾಲ ಗೆರಿ ಎಳದು ದಾಟಬ್ಯಾಡ್ರಿ ಅಂದ್ರು, ಸ್ಪೇನ್‌ದವರು ದಾಟಿದ್ರು. 1629ಕ್ಕ ಪಾದ್ರಿಗಳು ಬಂದ್ರು, 1680ರಾಗ ಆ ಭಾಗದ ಮೂಲನಿವಾಸಿಗಳು ಸ್ಪೇನ್‌ದವರ ಮ್ಯಾಲ ಎದ್ದ ಪ್ಯುಬ್ಲೊ ದಂಗೆಯೊಳಗ ಹೋಪಿಗಳೂ ಕೂಡಿ ಪಾದ್ರಿಗಳ ಮಠ ಕಿತ್ತಿ ಹಾಕಿದ್ರು. ನನಗ ನಿದ್ದಿ ಬರದಂಗ ಮಾಡಿದ್ದು ಅವಟೋವಿ ಕಥಿ: ಆ ಊರು ಪಾದ್ರಿಗಳ್ನ ಮತ್ತ ಒಳಗ ಬಿಟ್ಟುಕೊಂಡಿದ್ದಕ್ಕ 1700ರ ಹೊತ್ತಿಗಿ ಉಳಿದ ಹೋಪಿ ಊರವರೇ ಬಂದು ಸುಟ್ಟು ಬಿಟ್ರು, ತಮ್ಮವರನ್ನೇ. ಮುಂದ 1895ರಾಗ ಮಕ್ಕಳ್ನ ಸರ್ಕಾರಿ ಸಾಲಿಗಿ ಕೊಡಲ್ಲ ಅಂದಿದ್ದಕ್ಕ 19 ಮಂದಿ ಗಂಡಸ್ರನ್ನ ಅಲ್ಕಟ್ರಾಸ್ ಜೈಲಿಗಿ ಹಾಕಿದ್ರು. ಇದೆಲ್ಲ ನಮಗ ಯಾರೂ ಹೇಳಿಲ್ಲ ನೋಡ್ರಿ.

ಅಂಗಡಿ ಬಗ್ಗಿ ಒಂದೇ ಕೊರತಿ, ಮ್ಯಾಲಿನ ತಗಡು ಸೋರ್ತದ, ಕೆಳಗಿನ ಸಾಲಿನ ಪುಸ್ತಕ ಹಸಿ ಹಿಡದಾವ, ಕೊಳ್ಳೋವಾಗ ಪುಟ ತಿರುವಿ ನೋಡ್ರಿ. ರೇಟು ಭಾಳ ಕಮ್ಮಿ. ಫೋನ್‌ಪೇ ನಡಿಯಲ್ಲ, ರೊಕ್ಕ ಒಯ್ಯಬೇಕು, ಶುಕ್ರವಾರ ಮಧ್ಯಾಹ್ನ ಬಂದ್ ಇರ್ತದ.