25 ಕೀ ಸಾಕಾಗುತ್ತಾ? ಎಂಟು ತಿಂಗಳು ಬಳಸಿದ ಮೇಲೆ

ನನ್ನ ಮೇಜಿನ ಮೇಲೆ ಎಂಟು ತಿಂಗಳಿಂದ ಒಂದು ಪುಟ್ಟ ಮಿಡಿ ಕೀಬೋರ್ಡ್ ಕೂತಿದೆ. 25 ಚಿಕ್ಕ ಕೀ, ಬೆರಳಲ್ಲಿ ಬಡಿಯುವ ಎಂಟು ಪ್ಯಾಡ್, ತಿರುಗಿಸುವ ಎಂಟು ನಾಬ್, ಮೂಲೆಯಲ್ಲೊಂದು ಜಾಯ್‌ಸ್ಟಿಕ್. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದ್ದೇನೆ, ಅದೂ ಅಲ್ಲದೆ ಈ ಅಳತೆಯವೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನಲ್ಲಿರುತ್ತವೆ.

ಹೊಸಬರಿಗೆ ಒಂದು ಮಾತು: ಇದರೊಳಗೆ ಸದ್ದಿಲ್ಲ. ಸ್ಪೀಕರ್ ಹುಡುಕಬೇಡಿ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವುದನ್ನು ಕಂಪ್ಯೂಟರಿಗೆ ತಿಳಿಸುತ್ತದೆ, ಪಿಯಾನೋನೋ ಪಿಟೀಲೋ ನುಡಿಸುವುದು ಸಾಫ್ಟ್‌ವೇರ್. ವಾದ್ಯಗಳೂ ಕಂಪ್ಯೂಟರೂ ಹೀಗೆ ಮಾತಾಡಿಕೊಳ್ಳುವ ಭಾಷೆಯೇ ಮಿಡಿ. 1983ರಲ್ಲಿ ಶುರುವಾದ ಅದು ಇವತ್ತಿಗೂ ನಡೆಯುತ್ತಿರುವುದು ದೊಡ್ಡ ವಿಷಯವೇ, ಆದರೆ ಮೊದಲ ದಿನ ಏನೂ ಕೇಳಿಸದೆ ಹತ್ತು ನಿಮಿಷ ಕೇಬಲ್ ಅಲ್ಲಾಡಿಸುತ್ತಾ ಕೂತಿದ್ದ ನನಗೆ ಅದು ಹೊಳೆಯಲಿಲ್ಲ. ಸಾಫ್ಟ್‌ವೇರಿನಲ್ಲಿ ಟ್ರ್ಯಾಕನ್ನು ಆರ್ಮ್ ಮಾಡಿರಲಿಲ್ಲ, ಅಂದರೆ ರೆಕಾರ್ಡಿಗೆ ಸಿದ್ಧ ಮಾಡಿರಲಿಲ್ಲ, ಅಷ್ಟೇ.

25 ಕೀ ಅಂದರೆ ಹನ್ನೆರಡು ಹನ್ನೆರಡು ಕೀಗಳ ಎರಡು ಆಕ್ಟೇವ್ (ಸ್ಥಾಯಿ), ಮೇಲೊಂದು ಕೀ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರ) ಹಿಡಿದು ಬಲಗೈಯಲ್ಲಿ ರಾಗ ನುಡಿಸೋಣ ಅಂದರೆ ಎರಡು ಕೈಯೂ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಹಾಗಾಗಿ ನಾನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತೇನೆ. ಮೊದಲು ಕಾರ್ಡ್, ಆಮೇಲೆ ಆಕ್ಟೇವ್ ಗುಂಡಿ ಒತ್ತಿ ಕೆಳಗಿಳಿದು ಬೇಸ್, ಮತ್ತೆ ಮೇಲೆ ಹತ್ತಿ ರಾಗ. ಕೆಳಗಿಳಿದಿದ್ದು ಮರೆತು ಎಷ್ಟೋ ಸಲ ಕೊಳಲಿನ ಟ್ರ್ಯಾಕಿನಲ್ಲಿ ಸದ್ದೇ ಬರದೆ ತಲೆ ಕೆರೆದುಕೊಂಡಿದ್ದೇನೆ, ಕೊಳಲಿಗೆ ಅಷ್ಟು ಕೆಳಗಿನ ಸ್ವರವೇ ಇರುವುದಿಲ್ಲವಲ್ಲ.

ಕೀಗಳ ಅಗಲ ಮಾಮೂಲಿ ಪಿಯಾನೋ ಕೀಗಿಂತ ಕಮ್ಮಿ. ದಪ್ಪ ಬೆರಳಿನವರು ಕಪ್ಪು ಕೀಗಳ ನಡುವೆ ಬೆರಳಿಟ್ಟು ನೋಡಿಯೇ ತಗೊಳ್ಳಿ.

ನಿಜವಾದ ಕಥೆ ಇರುವುದು ವೆಲಾಸಿಟಿಯಲ್ಲಿ. ನೀವು ಒತ್ತುವ ರಭಸಕ್ಕೆ ಕೀಬೋರ್ಡ್ 1ರಿಂದ 127ರವರೆಗೆ ಒಂದು ಅಂಕಿ ಕಳಿಸುತ್ತದೆ. ನನ್ನದು ಎಷ್ಟು ಮೆಲ್ಲಗೆ ಒತ್ತಿದರೂ 90, ಸ್ವಲ್ಪ ಒತ್ತಿದರೆ 120. ಎಲ್ಲಾ ಸ್ವರವೂ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತು. ಪಿಯಾನೋ ಸೌಂಡೇ ಚೆನ್ನಾಗಿಲ್ಲ ಅಂದುಕೊಂಡು ಮೂರು ಬೇರೆ ಪಿಯಾನೋ ಹಾಕಿ ನೋಡಿದೆ, ಎಲ್ಲದರದೂ ಅದೇ ಗೋಳು. ಆಮೇಲೆ ಕೀಬೋರ್ಡಿನ ಜೊತೆ ಬಂದಿದ್ದ ಎಡಿಟರ್ ತೆರೆದಾಗ ವೆಲಾಸಿಟಿ ಕರ್ವ್ ಅಂತ, ಎಷ್ಟು ರಭಸಕ್ಕೆ ಎಷ್ಟು ಅಂಕಿ ಅಂತ ನಿರ್ಧರಿಸುವ ಒಂದು ಆಯ್ಕೆ ಕಾಣಿಸಿತು, ಬದಲಾಯಿಸಿದೆ, ಅವತ್ತೇ 40, 50ರ ಅಂಕಿಗಳು ಬರತೊಡಗಿದವು ಮತ್ತು ಅದೇ ಹಳೇ ಪಿಯಾನೋ ಮೆತ್ತಗೆ ಮಾತಾಡಿತು. ತಗೊಂಡವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ. ಚಿಕ್ಕ ಕೀ ಕೆಳಗೆ ಹೋಗುವ ದೂರವೇ ಕಮ್ಮಿ, ಬೆರಳಿಗೆ ಅಳತೆ ಸಿಗುವುದಿಲ್ಲ, ಆ ಕೊರತೆಯನ್ನು ಕರ್ವ್ ಸ್ವಲ್ಪಮಟ್ಟಿಗೆ ತುಂಬುತ್ತದೆ.

ಇನ್ನೊಂದು ಬೈಗುಳ ನಾನು ಸುಮ್ನೆ ಕೀಬೋರ್ಡಿಗೆ ಬೈದಿದ್ದು. ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತಿತ್ತು. ತಪ್ಪು ಕಂಪ್ಯೂಟರಿನ ಆಡಿಯೋ ಸೆಟ್ಟಿಂಗಿನದು. ಸೆಕೆಂಡಿಗೆ 44,100 ಸದ್ದಿನ ತುಣುಕು (44,100 ಹರ್ಟ್ಸ್) ಲೆಕ್ಕದಲ್ಲಿ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಹೊರಬಿಡುವ ತುಣುಕು, 1,024 ಇದ್ದರೆ ಅಲ್ಲೇ ಸುಮಾರು 23 ಮಿಲಿಸೆಕೆಂಡ್ ಹೋಯಿತು, 128ಕ್ಕೆ ಇಳಿಸಿದರೆ ಮೂರಕ್ಕಿಂತ ಕಮ್ಮಿ. ವಿಂಡೋಸ್ ಇರುವವರು ಈ ತಡ ಕಮ್ಮಿ ಮಾಡುವ ಅಸಿಯೋ (ASIO) ಆಡಿಯೋ ಡ್ರೈವರ್ ಹಾಕಿಕೊಳ್ಳಿ. ನುಡಿಸುವಾಗ ಬಫರ್ ಕಮ್ಮಿ, ಮಿಕ್ಸ್ ಮಾಡುವಾಗ ಜಾಸ್ತಿ, ಇಲ್ಲದಿದ್ದರೆ ಪಟಪಟ ಸದ್ದು ಶುರುವಾಗುತ್ತದೆ.

ಜಾಯ್‌ಸ್ಟಿಕ್ ನನಗೆ ಇಷ್ಟವಾಗಲಿಲ್ಲ. ಅಡ್ಡಕ್ಕೆ ತಳ್ಳಿದರೆ ಪಿಚ್ ಬೆಂಡ್, ಅಂದರೆ ಸ್ವರ ಜಾರುತ್ತದೆ; ಉದ್ದಕ್ಕೆ ತಳ್ಳಿದರೆ ಮಾಡ್ಯುಲೇಶನ್, ಅಂದರೆ ಸಾಮಾನ್ಯವಾಗಿ ಸ್ವರಕ್ಕೆ ನಡುಕ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸೋಣ ಅಂತ ಅಡ್ಡ ತಳ್ಳಿದಾಗ ಹೆಬ್ಬೆರಳು ಚೂರು ಮೇಲಕ್ಕೆ ಹೋದರೂ ಸಾಕು, ನಡುಕ ಸೇರಿಕೊಳ್ಳುತ್ತದೆ. ಜಾರು ಸ್ವರ ಜಾಸ್ತಿ ಬಳಸುವವರು ಎರಡು ಬೇರೆ ಬೇರೆ ಚಕ್ರ ಇರುವುದನ್ನೇ ನೋಡಿ. ಬೆಂಡ್ ವ್ಯಾಪ್ತಿ ಸಾಮಾನ್ಯವಾಗಿ ಎರಡು ಸೆಮಿಟೋನ್ (ಒಂದು ಕೀಯಿಂದ ಪಕ್ಕದ ಕೀಗೆ ಒಂದು ಸೆಮಿಟೋನ್) ಇರುತ್ತದೆ, ಅದನ್ನು ಸಾಫ್ಟ್‌ವೇರ್ ವಾದ್ಯದಲ್ಲೇ ಹೆಚ್ಚಿಸಬಹುದು. ಆದರೆ 12ಕ್ಕೆ ಇಟ್ಟರೆ ಇಷ್ಟು ಚಿಕ್ಕ ಕಡ್ಡಿಯಲ್ಲಿ ಶ್ರುತಿ ಹಿಡಿಯುವುದು ದೇವರಿಗೇ ಪ್ರೀತಿ.

ನಾಬ್‌ಗಳು ಪರವಾಗಿಲ್ಲ. ಪರದೆಯ ಮೇಲಿನ ವಾಲ್ಯೂಮ್ ಒಂದು ಕಡೆ, ಕೈಯಲ್ಲಿರುವ ನಾಬ್ ಇನ್ನೊಂದು ಕಡೆ ಇದ್ದಾಗ, ತಿರುಗಿಸಿದ ತಕ್ಷಣ ಸದ್ದು ಧಡಕ್ಕನೆ ಹಾರುತ್ತದೆ. ಸಾಫ್ಟ್‌ವೇರಿನಲ್ಲಿ ಪಿಕಪ್ ಮೋಡ್ ಇದ್ದರೆ ಹಾಕಿ, ನಾಬ್ ಪರದೆಯ ಮಟ್ಟಕ್ಕೆ ಬರುವವರೆಗೂ ಸದ್ದು ಅಲ್ಲಾಡುವುದಿಲ್ಲ. ಕೀ ಬಿಟ್ಟ ಮೇಲೂ ಸ್ವರ ಉಳಿಸುವ ಸಸ್ಟೇನ್ ಪೆಡಲಿಗೆ ಹಿಂದೆ ಜಾಗ ಇದೆ, ಇದು ಎಲ್ಲ ಪುಟಾಣಿಗಳಲ್ಲೂ ಇರುವುದಿಲ್ಲ. ಜೊತೆಗೆ ಬಂದ ಪುಕ್ಕಟೆ ಸಾಫ್ಟ್‌ವೇರಿಗೆ ಮೂರು ಕಡೆ ಖಾತೆ ತೆರೆಯಬೇಕಾಯಿತು, ಎರಡು ತಿಂಗಳಲ್ಲಿ ತೆಗೆದುಹಾಕಿದೆ.

ಇಷ್ಟೆಲ್ಲ ಗೊಣಗಿದ ಮೇಲೂ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ನನ್ನ ಹತ್ತಿರ 61 ಕೀಯ ದೊಡ್ಡದೊಂದು ಇದೆ, ಸ್ಟ್ಯಾಂಡ್ ಬಿಡಿಸಿ, ಅಡಾಪ್ಟರ್ ಹುಡುಕಿ, ಜಾಗ ಮಾಡಿ ಅದನ್ನು ಹಾಕುವಷ್ಟರಲ್ಲಿ ತಲೆಯಲ್ಲಿದ್ದ ರಾಗ ಹೋಗಿರುತ್ತದೆ. ಇದು ಯುಎಸ್‌ಬಿ ಕರೆಂಟಿನಲ್ಲೇ ನಡೆಯುತ್ತದೆ, ಯಾವಾಗಲೂ ಕೈಗೆ ಸಿಗುತ್ತದೆ. ಈ ಎಂಟು ತಿಂಗಳಲ್ಲಿ ದೊಡ್ಡದರಲ್ಲಿ ಹುಟ್ಟಿದ್ದು ಒಂದೇ ಹಾಡು. ಇದರಲ್ಲಿ ಹನ್ನೊಂದು, ಆ ಹನ್ನೊಂದರಲ್ಲಿ ನಾಲ್ಕು ಕೇಳಿಸಬಹುದಾದವು.

ಪಿಯಾನೋ ಕಲಿಯಬೇಕು ಅನ್ನುವವರು ಇದರ ತಂಟೆಗೆ ಹೋಗಬೇಡಿ, ಪಿಯಾನೋದ ಹಾಗೆ ತೂಕವಿರುವ 88 ಕೀಗಳ ಅಭ್ಯಾಸ ಇದರಲ್ಲಿ ಆಗುವುದಿಲ್ಲ. ಎರಡೂ ಕೈ ಬೇಕೇ ಬೇಕು ಅನ್ನುವವರಿಗೆ 49 ಕೀಯದು ಸರಿ.

ಪ್ಯಾಡ್ ಬಗ್ಗೆ ಹೇಳುವುದೇ ಬಿಟ್ಟೆ. ಗಟ್ಟಿ ಇವೆ, ಬೆರಳ ತುದಿ ನೋಯುತ್ತದೆ, ಆದರೂ ಡ್ರಮ್ ಬಾರಿಸೋಕೆ ಮೌಸಿಗಿಂತ ಸಾವಿರ ಪಾಲು ಮೇಲು. ಮೂರನೇ ಪ್ಯಾಡ್ ಮಾತ್ರ ಒಂದು ಹೊಡೆದರೆ ಎರಡು ಸಲ ಬಾರಿಸುತ್ತದೆ. ಅದಕ್ಕೆ ಚಪ್ಪಾಳೆ ಸೌಂಡ್ ಹಾಕಿಟ್ಟಿದ್ದೇನೆ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.