ಕ್ಯಾಂಪರ್ ಟ್ರೇಲರ್ ಕಟ್ಟಿಸುವ ಮುನ್ನ ಮೂಕಿ ನೋಡಿಕೊಳ್ಳಿ

ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟ ಟ್ರ್ಯಾಕ್ ಮರೀ ಎಂಬ ಊರಿನಲ್ಲಿ ಶುರುವಾಗಿ ಮಾರ್ಲಾದಲ್ಲಿ ಮುಗಿಯುತ್ತದೆ. ಸುಮಾರು 620 ಕಿ.ಮೀ. ಮಣ್ಣುರಸ್ತೆ. ಮೆಲ್ಬರ್ನಿನ ಒಂದು ವೆಲ್ಡಿಂಗ್ ಶಾಪಿನಲ್ಲಿ ಹೊಸದಾಗಿ ಕಟ್ಟಿಸಿದ ಆಫ್‌ರೋಡ್ ಕ್ಯಾಂಪರ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ ಟೆಂಟ್ ಗಾಡಿ) ಮರೀ ಬಿಟ್ಟು 150 ಕಿ.ಮೀ. ಹೋಗುವಷ್ಟರಲ್ಲಿ ಅದರ ಡ್ರಾಬಾರ್, ಅಂದರೆ ಕಾರಿಗೆ ಸಿಕ್ಕಿಸಲು ಮುಂದೆ ಚಾಚಿದ ಎರಡು ತೋಳಿನ ಚೌಕಟ್ಟು, ಒಂದು ಕಡೆ ಪೂರ್ತಿ ಬಿಟ್ಟುಕೊಂಡಿತು. ವಿಲಿಯಂ ಕ್ರೀಕ್ ಇನ್ನೂ ಮುಂದಿತ್ತು, ಮೊಬೈಲ್ ಸಿಗ್ನಲ್ ಇರಲಿಲ್ಲ. ಬೇಲಿಯ ಎರಡು ಕಬ್ಬಿಣದ ಕಂಬಗಳನ್ನು ದಬ್ಬೆ ಕಟ್ಟಿದ ಹಾಗೆ ಎರಡೂ ಕಡೆ ಇಟ್ಟು, ರ‍್ಯಾಚೆಟ್ ಪಟ್ಟಿ ಬಿಗಿದು, ಗಂಟೆಗೆ 15 ಕಿ.ಮೀ. ವೇಗದಲ್ಲಿ ಊರು ಮುಟ್ಟಿಸಬೇಕಾಯಿತು. ಮೆಲ್ಬರ್ನ್, ಸಿಡ್ನಿ, ಪರ್ತ್ ಕಡೆ ಇರುವ ನಮ್ಮವರಲ್ಲಿ ಇಂಥ ಟ್ರೇಲರ್ ಕಟ್ಟಿಸುವ ಯೋಚನೆಯಲ್ಲಿರುವವರು ಅಡ್ವಾನ್ಸ್ ಕೊಡುವ ಮುನ್ನ ಇದನ್ನು ಓದಿ.

ಎತ್ತಿನ ಗಾಡಿಗೆ ಹೇರು ಹಾಕಿ ಗೊತ್ತಿದ್ದವರಿಗೆ ಅರ್ಧ ವಿಷಯ ಆಗಲೇ ಗೊತ್ತಿದೆ. ಡ್ರಾಬಾರ್ ಅಂದರೆ ಗಾಡಿಯ ಮೂಕಿ. ಮುಂದೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಟ್ರೇಲರಿನಲ್ಲೂ ಅದೇ. ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇ. 10ರ ಆಸುಪಾಸಿನಲ್ಲಿರಬೇಕು. ತೀರಾ ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿಯುತ್ತದೆ, ಡ್ರಾಬಾರ್ ಮುಂದೆ ಕೊಂಡಿ, ಹಿಂದೆ ಆಕ್ಸಲ್ (ಗಾಡಿಯ ಅಚ್ಚು) ಎರಡರ ನಡುವೆ ಜಗ್ಗುತ್ತದೆ.

ಈ ಟ್ರೇಲರಿಗೆ ಕಾಗದದ ಮೇಲೆ ಬರೆದ ಖಾಲಿ ತೂಕ 780 ಕಿಲೋ. ಪ್ಲೇಟಿನ ಮೇಲೆ ಹೊಡೆದ ಗರಿಷ್ಠ ತೂಕ, ಅಂದರೆ ಎಟಿಎಂ (ಅಗ್ರಿಗೇಟ್ ಟ್ರೇಲರ್ ಮಾಸ್), 1,400 ಕಿಲೋ. ರಿಪೇರಿಯ ನಂತರ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ ಖಾಲಿ ತೂಕವೇ 1,020 ಬಂತು, ಸಾಮಾನು ಸಮೇತ 1,560. ಕೊಂಡಿಯ ಮೇಲೆ 235 ಕಿಲೋ, ಅಂದರೆ ಶೇ. 15. ಅಷ್ಟು ಭಾರ ಎಲ್ಲಿಂದ ಬಂತು? ಎಲ್ಲವನ್ನೂ ಡ್ರಾಬಾರ್ ಮೇಲೆ ಪೇರಿಸಿದ್ದರು. 9 ಕಿಲೋ ಗ್ಯಾಸ್ ಸಿಲಿಂಡರ್ ತುಂಬಿದಾಗ ಬಾಟಲಿ ಸೇರಿ ಸುಮಾರು 18 ಕಿಲೋ, ಅಂಥವು ಎರಡು. 20 ಲೀಟರ್ ಡೀಸೆಲ್ ಕ್ಯಾನ್ ಒಂದೊಂದು 21 ಕಿಲೋ, ಅವೂ ಎರಡು. ಹತ್ಯಾರದ ಪೆಟ್ಟಿಗೆ. ಜಾರುವ ತಟ್ಟೆಯ ಮೇಲೆ ಭರ್ತಿ ಫ್ರಿಜ್. ಪ್ಲ್ಯಾನಿನಲ್ಲಿ ಇವಕ್ಕೆಲ್ಲ ಜಾಗ ಗುರುತಾಗಿತ್ತು, ತೂಕ ಮಾತ್ರ ಒಂದಕ್ಕೂ ಬರೆದಿರಲಿಲ್ಲ.

ಅದಕ್ಕೇ ಮೊದಲ ಕೆಲಸ ಇದು: ಒಂದು ಹಾಳೆಯಲ್ಲಿ ಪ್ರತಿ ವಸ್ತುವಿನ ಎದುರು ತೂಕ, ಅದರ ಪಕ್ಕ ಆಕ್ಸಲ್‌ನಿಂದ ಎಷ್ಟು ಮಿಲಿಮೀಟರ್ ಮುಂದೆ ಅಥವಾ ಹಿಂದೆ ಅನ್ನುವುದು ಬರೆಯಿರಿ. ತೂಕ ಗುಣಿಸು ದೂರ, ಮುಂದಿನದು ಕೂಡಿ, ಹಿಂದಿನದು ಕಳೆಯಿರಿ, ಬಂದದ್ದನ್ನು ಆಕ್ಸಲ್‌ನಿಂದ ಕೊಂಡಿಯವರೆಗಿನ ದೂರದಿಂದ ಭಾಗಿಸಿ. ಕೊಂಡಿಯ ಭಾರ ಕೈಗೆ ಸಿಗುತ್ತದೆ. ನೀರಿನ ಟ್ಯಾಂಕ್ ಮರೆಯಬೇಡಿ: 80 ಲೀಟರ್ ಅಂದರೆ 80 ಕಿಲೋ, ಪ್ರವಾಸದ ನಡುವೆ ಖಾಲಿಯಾಗುವ 80 ಕಿಲೋ. ಟ್ಯಾಂಕ್ ಆಕ್ಸಲ್‌ಗೆ ಒತ್ತಿಕೊಂಡೇ ಇದ್ದರೆ ತುಂಬಿದಾಗಲೂ ಬರಿದಾದಾಗಲೂ ಲೆಕ್ಕ ಹೆಚ್ಚು ಕದಲುವುದಿಲ್ಲ.

ಇನ್ನು ಮುರಿದ ಜಾಗ. ಡ್ರಾಬಾರಿಗೆ ಹಾಕಿದ್ದು 75x50x3 ಎಂ.ಎಂ. ಬಾಕ್ಸ್ ಟ್ಯೂಬ್. ಅದನ್ನು ಚಾಸಿಯ, ಅಂದರೆ ಅಡಿ ಚೌಕಟ್ಟಿನ, ಮುಂದಿನ ಅಡ್ಡಪಟ್ಟಿಗೆ ಮೂತಿ ಒತ್ತಿ ನಿಲ್ಲಿಸಿ, ಸುತ್ತಲೂ ಮಿಗ್ ವೆಲ್ಡಿಂಗ್ ಮಾಡಿ, ಕಪ್ಪು ಬಣ್ಣ ಹೊಡೆದಿದ್ದರು. ನೋಡಲು ಬೀಡ್ (ವೆಲ್ಡಿಂಗಿನ ಗೆರೆ) ಬಹಳ ಚೆಂದ, ಒಂದೇ ಸಮನೆ. ಆದರೆ ಜಗ್ಗುವ ಟ್ಯೂಬಿನ ಕೆಳಮೈ ಸದಾ ಎಳೆತದಲ್ಲಿರುತ್ತದೆ. ಆ ಕೆಳಮೈಗೆ ಅಡ್ಡಲಾಗಿ ವೆಲ್ಡ್ ಮಾಡಿದರೆ ಎಲ್ಲಿ ಹರಿಯಬೇಕು ಅಂತ ನಾವೇ ಗೆರೆ ಎಳೆದುಕೊಟ್ಟ ಹಾಗೆ. ಮುರಿದ ತುಂಡನ್ನು ತಿರುಗಿಸಿ ನೋಡಿದರೆ ಎರಡು ಬಣ್ಣ: ಕೆಳಗಡೆ ಕಂದು ಬಣ್ಣದ ಹಳೆಯ ತುಕ್ಕು, ಮೇಲ್ಗಡೆ ಅಂದೇ ಹರಿದ ಬೆಳ್ಳನೆ ಉಕ್ಕು. ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಿತ್ತು.

ಬೆಳೆಸಿದ್ದು ರಸ್ತೆಯ ಅಲೆಗಳು. ಸೂರಿಗೆ ಹಾಕುವ ತಗಡಿನ ಶೀಟನ್ನು ದಾರಿಗೆ ಅಡ್ಡ ಹಾಸಿದಂತಿರುತ್ತದೆ ಮೇಲ್ಮೈ. ಅಲೆಯಿಂದ ಅಲೆಗೆ ಮುಕ್ಕಾಲು ಮೀಟರ್ ಅಂತಿಟ್ಟುಕೊಂಡರೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 22 ಏಟು, 150 ಕಿ.ಮೀ.ಗೆ ಎರಡು ಲಕ್ಷ. ಇಡೀ ದಾರಿ ಹಾಗಿರುವುದಿಲ್ಲ ನಿಜ, ಅರ್ಧ ಇದ್ದರೂ ಒಂದು ಲಕ್ಷ. ಶಾಪಿನವರು ಚಾಸಿಯ ಮೇಲೆ ಹತ್ತಿ ಕುಣಿದು "ನೋಡಿ, ಗಟ್ಟಿಯಾಗಿದೆ" ಅಂದರೆ ಅದಕ್ಕೆ ಬೆಲೆಯಿಲ್ಲ. ಒಂದು ದೊಡ್ಡ ಏಟು ತಾಳುವುದು ಬೇರೆ, ಲಕ್ಷ ಸಣ್ಣ ಏಟು ತಾಳುವುದು ಬೇರೆ.

ಸರಿಯಾದ ರೀತಿ ಹೀಗೆ. 100x50x4 ಟ್ಯೂಬನ್ನು ಎತ್ತರಕ್ಕೆ ನಿಲ್ಲಿಸಿ ಬಳಸಿ. ಬಾಗುವಿಕೆಗೆ ಇದರ ಬಲ 75x50x3ರ ಸುಮಾರು ಎರಡು ಪಟ್ಟು. ತೂಕದಲ್ಲಿ ಹೆಚ್ಚುವುದು ಮೀಟರಿಗೆ ಮೂರು ಕಿಲೋ ಚಿಲ್ಲರೆ. ಮೂರು ಮೀಟರಿನ ಎರಡು ತೋಳಿಗೂ ಸೇರಿ 20 ಕಿಲೋ. ಅಡುಗೆ ಪೆಟ್ಟಿಗೆಯಲ್ಲಿ ಅಷ್ಟು ಇಳಿಸಿ, ಇಲ್ಲಿ ಇಳಿಸಬೇಡಿ. ಟ್ಯೂಬ್ ಅಡ್ಡಪಟ್ಟಿಯ ಕೆಳಗೆ ಹಾದು ಕನಿಷ್ಠ ಚಾಸಿಗೆ ಸ್ಪ್ರಿಂಗ್ ಸಿಕ್ಕಿಸುವ ಬ್ರಾಕೆಟ್, ಅಂದರೆ ಮುಂದಿನ ಸ್ಪ್ರಿಂಗ್ ಹ್ಯಾಂಗರ್‌ವರೆಗೆ ಹೋಗಬೇಕು. ವೆಲ್ಡ್ ಟ್ಯೂಬಿನ ಉದ್ದಕ್ಕೆ, ಪಕ್ಕದ ಮೈಯಲ್ಲಿ ಮಾತ್ರ. ಬಲಕ್ಕೆ ಪ್ಲೇಟ್ ಹಾಕುವುದಾದರೆ ತುದಿಗಳನ್ನು ಚೂಪಾಗಿ ಕತ್ತರಿಸಿ, ಚೌಕವಾಗಿ ಬಿಡಬೇಡಿ. ಮೇಲ್ಮೈ, ಕೆಳಮೈಗೆ ತೂತು ಕೊರೆಯಬೇಡಿ. ಜಾಕಿ ಚಕ್ರದ ಬ್ರಾಕೆಟ್, ಗ್ಯಾಸ್ ಬಾಟಲಿಯ ಸ್ಟ್ಯಾಂಡ್, ವೈರ್ ಕ್ಲಿಪ್ ಏನೇ ಇರಲಿ, ಪಕ್ಕದ ಮೈಯ ನಡುಮಟ್ಟದಲ್ಲಿ ಕೂರಲಿ. ಗ್ಯಾಲ್ವನೈಸಿಂಗ್ (ತುಕ್ಕು ಹಿಡಿಯದಂತೆ ಸತುವಿನ ಲೇಪ) ಮಾಡಿಸುವುದಿದ್ದರೆ ಪ್ರತಿ ಟ್ಯೂಬಿಗೂ ಗಾಳಿ ಹೋಗುವ, ಸತು ಹರಿಯುವ ತೂತುಗಳು ಎಲ್ಲಿ ಬರಬೇಕು ಅಂತ ಕಾರ್ಖಾನೆಯವರನ್ನು ಕೇಳಿಯೇ ಕೊರೆಸಿ. ಮುಚ್ಚಿದ ಟ್ಯೂಬ್ 450 ಡಿಗ್ರಿಯ ಕರಗಿದ ಸತುವಿಗಿಳಿದರೆ ಸಿಡಿಯುತ್ತದೆ.

ಕೊಂಡಿಯೂ ಡ್ರಾಬಾರನ್ನು ಕೊಲ್ಲುತ್ತದೆ. ಇದಕ್ಕೆ ಹಾಕಿದ್ದು ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರುವ ಮಾಮೂಲಿ 50 ಎಂ.ಎಂ. ಬಾಲ್ ಕಪ್ಲಿಂಗ್. ಹಳ್ಳ ದಾಟುವಾಗ ಕಾರು ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಿದರೆ ಬಾಲ್ ಒಂದು ಮಿತಿಯವರೆಗೆ ಮಾತ್ರ ಹೊರಳುತ್ತದೆ. ಆಮೇಲಿನ ತಿರುಚು ಪೂರ್ತಿ ಡ್ರಾಬಾರಿಗೆ. ಎಲ್ಲ ದಿಕ್ಕಿಗೂ ಹೊರಳುವ ಆಫ್‌ರೋಡ್ ಹಿಚ್ ಹಾಕಿಸಿ, ಇಲ್ಲಿ ಕಾಸು ಉಳಿಸಬೇಡಿ.

ಲೀಫ್ ಸ್ಪ್ರಿಂಗ್‌ಗಳನ್ನು "ಇರಲಿ ಗಟ್ಟಿ" ಅಂತ ಒಂದು ಸೈಜ್ ಮೇಲಿನದು ಹಾಕಿದ್ದರು, ಶಾಕ್ ಅಬ್ಸಾರ್ಬರ್ ಹಾಕಿರಲಿಲ್ಲ. ಬಗ್ಗದ ಸ್ಪ್ರಿಂಗ್ ಪ್ರತಿ ಅಲೆಗೂ ಚಕ್ರವನ್ನು ನೆಲದಿಂದ ಎತ್ತುತ್ತದೆ, ಏಟು ನೇರ ಚಾಸಿಗೆ. ಸ್ಪ್ರಿಂಗ್ ನಿಮ್ಮ ನಿಜವಾದ ತೂಕಕ್ಕೆ ಹೊಂದಬೇಕು, ಜೊತೆಗೆ ಶಾಕ್ ಇರಬೇಕು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳನ್ನು ಮೊದಲ 100 ಕಿ.ಮೀ. ಆದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿಯಿರಿ.

ಕಾನೂನು ಚುಟುಕಾಗಿ: ಆಸ್ಟ್ರೇಲಿಯಾದಲ್ಲಿ ಟ್ರೇಲರ್ ಚಕ್ರಗಳ ಮೇಲಿನ ಭಾರ 750 ಕಿಲೋ ದಾಟಿದರೆ ಬ್ರೇಕ್ ಕಡ್ಡಾಯ. 2,000 ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನೇ ಹಿಡಿಯುವ ವ್ಯವಸ್ಥೆ. ಪ್ಲೇಟಿನ ಎಟಿಎಂ ಅನ್ನು ಶಾಪಿನವರು ಮನಸ್ಸಿಗೆ ಬಂದಂತೆ ಹೊಡೆಯುವ ಹಾಗಿಲ್ಲ. ಕಪ್ಲಿಂಗ್, ಆಕ್ಸಲ್, ಸ್ಪ್ರಿಂಗ್, ಟೈರ್, ಯಾವುದರ ಶಕ್ತಿಯನ್ನೂ ಅದು ಮೀರಬಾರದು. ಪ್ರತಿಯೊಂದರ ರೇಟಿಂಗ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗ್ಯಾಸ್ ಪೈಪ್ ಲೈಸೆನ್ಸ್ ಇರುವವರಿಂದಲೇ ಆಗಲಿ.

ಕರೆಂಟಿನಲ್ಲೂ ಒಂದು ಮೋಸವಿದೆ. ಅಂಗಡಿಯಲ್ಲಿ "6 ಎಂ.ಎಂ. ಆಟೋ ಕೇಬಲ್" ಅಂತ ಸಿಗುವುದರೊಳಗೆ ತಾಮ್ರ ಇರುವುದು ಸುಮಾರು 4.6 ಚದರ ಮಿ.ಮೀ. ಮಾತ್ರ. ಆ 6 ಅನ್ನುವುದು ಪ್ಲಾಸ್ಟಿಕ್ ಸೇರಿದ ದಪ್ಪ. ಕಾರಿನ ಬ್ಯಾಟರಿಯಿಂದ ಟ್ರೇಲರಿನ ಬ್ಯಾಟರಿ ಚಾರ್ಜರ್‌ಗೆ 8 ಮೀಟರ್, 25 ಆಂಪ್ ಹರಿದರೆ ಇದರಲ್ಲಿ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತದೆ. 13.5 ಚದರ ಮಿ.ಮೀ. ಇರುವ, ತಂತಿಯ ಗೇಜ್ ಅಳತೆಯ 6 ಬಿ ಆ್ಯಂಡ್ ಎಸ್ ಕೇಬಲ್ ಹಾಕಿದರೆ ಅರ್ಧ ವೋಲ್ಟ್. ಹೆಸರಲ್ಲಿ ಎರಡಕ್ಕೂ 6, ಕೇಬಲ್ ಬೇರೆ ಬೇರೆ. ಫ್ಯೂಸ್ ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಇರಲಿ.

ಟ್ರೇಲರ್ ಕೈಗೆ ಬಂದ ದಿನ ಸಾಮಾನು, ನೀರು, ಗ್ಯಾಸ್ ಎಲ್ಲ ತುಂಬಿಸಿ ವೇಬ್ರಿಡ್ಜಿಗೆ ಒಯ್ಯಿರಿ. ಎರಡು ಸಲ ತೂಗಿಸಿ: ಒಮ್ಮೆ ಕಾರಿನಿಂದ ಬಿಡಿಸಿ, ಇನ್ನೊಮ್ಮೆ ಕಾರಿಗೆ ಕಟ್ಟಿ ಟ್ರೇಲರಿನ ಚಕ್ರಗಳನ್ನು ಮಾತ್ರ ಮೇಲಿಟ್ಟು. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ಮಣ್ಣುರಸ್ತೆಯಲ್ಲಿ ದಿನಾ ಸಂಜೆ ಟೆಂಟ್ ಬಿಚ್ಚುವ ಮೊದಲು ಒದ್ದೆ ಬಟ್ಟೆಯಿಂದ ಡ್ರಾಬಾರ್ ಸೇರುವ ಜಾಗದ ಕೆಳಮೈ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಬಣ್ಣದ ಮೇಲೆ ಕೂದಲೆಳೆಯಂಥ ಕಂದು ಗೆರೆ ಕಂಡು, ಒರೆಸಿದರೂ ಮರುದಿನ ಮತ್ತೆ ಮೂಡಿದರೆ ಅದು ಬಿರುಕು. ಅದರ ಎರಡೂ ತುದಿಯಲ್ಲಿ 5 ಎಂ.ಎಂ. ತೂತು ಕೊರೆದರೆ ಮುಂದಕ್ಕೆ ಓಡುವುದು ತುಸು ತಡವಾಗುತ್ತದೆ. ಮುಂದಿನ ಭಾರವನ್ನೆಲ್ಲ ಕಾರಿನೊಳಕ್ಕೆ ಹಾಕಿಕೊಂಡು, ವೆಲ್ಡಿಂಗ್ ಮಿಷನ್ ಇರುವ ಹತ್ತಿರದ ಊರಿಗೆ ನಿಧಾನಕ್ಕೆ ಹೋಗಿ.